ಕಲಿಯುವವರ ಕ್ಯಾಮೆರಾ

ಆ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತವರು ನಾಲ್ವರು, ಮಾತಾಡಿದವರು ಮೂವರು.

"ಅಳಿಯಂದಿರೇ, ನೀರು ಮೇಲಕ್ಕೆತ್ತೋ ಮೋಟರು ಯಾಕೋ ಕೀಚು ದನಿ ತೆಗೀತಿದೆ. ಬಿಡುವಾದಾಗ ಒಂದ್ಸಲ ನೋಡಿ," ಎಂದರು ತಾತ.

ಅಳಿಯ ಆಲೂಗಡ್ಡೆಯನ್ನು ಅನ್ನಕ್ಕೆ ಕಲಸಿಕೊಳ್ಳುತ್ತಿದ್ದ. ತಲೆ ಎತ್ತಲಿಲ್ಲ.

"ಮೋಟರು," ಎಂದರು ತಾತ ಮತ್ತೊಮ್ಮೆ.

ಅವನು ಮೊಸರಿನ ಬಟ್ಟಲನ್ನು ಹತ್ತಿರಕ್ಕೆಳೆದುಕೊಂಡ.

ತಾತ ಅರ್ಧ ಊಟಕ್ಕೇ ಎದ್ದು ಕೈ ತೊಳೆದರು. "ಗೋಡೆ ಹತ್ರ ಇಷ್ಟು ಮಾತಾಡಿದ್ರೆ ಸುಣ್ಣನಾದ್ರೂ ಉದುರ್ತಿತ್ತು," ಎಂದವರು ಒಳಗೆ ಹೋಗಿ, ಹಿರಿಯ ಮಗಳಿಗೆ ಫೋನು ಮಾಡಿದರು. ಬಾಗಿಲು ಹಾಕಿಕೊಳ್ಳಲಿಲ್ಲ. ಎಲ್ಲರಿಗೂ ಕೇಳಲಿ ಎಂದೇ ಮಾಡಿದ ಫೋನು ಅದು.

"ತಿಂಗಳ ಕೊನೆ ಭಾನುವಾರ ಗಾಡಿ ತಗೊಂಡು ಬಾ. ನಿನ್ನ ಮನೆಗೆ ಬಂದ್ಬಿಡ್ತೀನಿ. ಜಗಳ ಏನಿಲ್ಲಮ್ಮ. ಜಗಳ ಆಡೋಕೆ ಎದುರಿಗೆ ಒಬ್ರು ಬೇಕಲ್ಲ."

ಚಿಕ್ಕಿ ಎತ್ತಿದ ತುತ್ತನ್ನು ತಟ್ಟೆಗೇ ಬಿಟ್ಟಳು. ಎರಡನೆಯ ಮಗಳೆಂದು ಚಿಕ್ಕವಳು, ಚಿಕ್ಕವಳು ಎನ್ನುತ್ತ ಚಿಕ್ಕಿಯಾದವಳಿಗೆ ಈಗ ನಲವತ್ತನಾಲ್ಕು. ಊರಿಗೆಲ್ಲ ಕುಡಿಯುವ ನೀರು ಕಳಿಸುವ ಕಚೇರಿಯ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷದ ಕೆಲಸ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಇವಳ ಮನೆಗೆ ಬಂದು ಒಂಬತ್ತು ವರ್ಷವಾಗಿತ್ತು. ಆಗ ಏಳು ವರ್ಷದ ಮೊಮ್ಮಗಳು ಬಾಯಿತುಂಬ ತಾತ ಎಂದದ್ದೇ, ಮನೆಯಲ್ಲಿ ಅವರಿಗೆ ಆ ಹೆಸರೇ ನಿಂತಿತು. ಈ ಒಂಬತ್ತು ವರ್ಷದಲ್ಲಿ ಮಾವ ಅಳಿಯ ಒಮ್ಮೆಯೂ ಮುಖ ಗಂಟಿಕ್ಕಿಕೊಂಡವರಲ್ಲ. ಈಗ ಹೀಗೆ ಹೊರಟರೆ, ಒಬ್ಬರ ಪಾಲಿಗೆ ಅವಮಾನವಾಗಿ, ಇನ್ನೊಬ್ಬರ ಪಾಲಿಗೆ ಒಗಟಾಗಿ ಅದು ಕೊನೆಯವರೆಗೂ ಉಳಿದುಬಿಡುತ್ತದೆ. ನಡುವೆ ಹಬ್ಬಕ್ಕೊಮ್ಮೆ ಇಬ್ಬರ ಕ್ಷೇಮಸಮಾಚಾರ ಸಾಗಿಸುತ್ತ ತಾನು ಟಪಾಲಿನವಳಾಗಬೇಕು.

ಪಾತ್ರೆ ತೊಳೆಯುವ ಹೊತ್ತಿಗೆ ಗಂಡನನ್ನು ಎದುರಿಗೆ ನಿಲ್ಲಿಸಿಕೊಂಡಳು.

"ಅಪ್ಪ ಎರಡು ಸಲ ಕೇಳಿದ್ರು. ಉತ್ತರ ಕೊಟ್ರೆ ಬಾಯಿ ಸವೆಯುತ್ತಾ?"

"ಯಾವಾಗ?"

"ಪಕ್ಕದಲ್ಲೇ ಕೂತು, ಈಗ ತಾನೇ."

"ಏನೋ ಯೋಚ್ನೇಲಿದ್ದೆ ಕಣೇ." ಅವನು ಒರೆಸುವ ಬಟ್ಟೆ ತೆಗೆದುಕೊಂಡು ತಟ್ಟೆಗಳನ್ನು ಒರೆಸತೊಡಗಿದ. ತಟ್ಟೆ ಒರೆಸುವ ಗಂಡಸನ್ನು ಬೈಯುವುದೂ ಕಷ್ಟ.

ಯೋಚನೆಯಲ್ಲಿರುವುದು ಅವನಿಗೆ ಇತ್ತೀಚೆಗೆ ಚಾಳಿಯಾಗಿತ್ತು. ಹಿಂದಿನ ವಾರ ಕಚೇರಿಯಿಂದ ಫೋನು ಮಾಡಿ, ಸ್ನಾನದ ಮನೆಗೊಂದು ಬಕೆಟ್ ತನ್ನಿ ಎಂದಿದ್ದಳು. ಸೋಪಿನ ಪುಡಿಯ ಪ್ಯಾಕೆಟ್ ತಂದ. "ಅಪ್ಪ, ಇದರಲ್ಲಿ ನೀರು ನಿಲ್ಲುತ್ತಾ?" ಎಂದು ಹದಿನಾರರ ಮಗಳು ಪ್ಯಾಕೆಟ್ಟನ್ನು ನಲ್ಲಿಯ ಕೆಳಗೆ ಹಿಡಿದು ತೋರಿಸಿದ್ದಳು. ಅವನೂ ನಕ್ಕಿದ್ದ. ಎಲ್ಲರಿಗಿಂತ ಸ್ವಲ್ಪ ತಡವಾಗಿ.

ಅವನು ಲಿಫ್ಟ್ ಮೆಕ್ಯಾನಿಕ್. ಕಂಪನಿಯಲ್ಲಿ ಅವನನ್ನು ಡಾಕ್ಟರು ಎಂದೇ ಕರೆಯುತ್ತಿದ್ದರು. ಲಿಫ್ಟಿನ ಗೋಡೆಗೆ ಕಿವಿಯಿಟ್ಟು ಎಷ್ಟನೇ ಮಹಡಿಯಲ್ಲಿ ಯಾವ ಗಾಲಿ ಸವೆದಿದೆ ಎಂದು ಹೇಳುತ್ತಿದ್ದ. ಮೊದಲೆಲ್ಲ ಸಂಜೆ ಊಟಕ್ಕೆ ಕೂತರೆ ಅವನದೇ ಕತೆ. ಹಗ್ಗದ ಜಾಡಿನಲ್ಲಿ ಗೂಡು ಕಟ್ಟಿದ ಪಾರಿವಾಳ, ಲಿಫ್ಟು ಓಡಾಡುವ ಹನ್ನೆರಡು ಮಹಡಿಯ ಬಾವಿಯ ತಳದಲ್ಲಿ ನಿಂತು ಮೇಲೆ ನೋಡಿದರೆ ಕಾಣುವ ಉಗುರಿನಷ್ಟು ಬೆಳಕು. ಆ ಬೆಳಕನ್ನು ಫೋನಿನಲ್ಲಿ ತೆಗೆದು ತಂದು ತೋರಿಸಿ, ತಾನೇ ಮೂಗು ಮುರಿದಿದ್ದ: "ಈ ಫೋನಿಗೆ ಅವಸರ. ಕತ್ತಲೆ ಕಂಡ್ರೆ ತಾನೇ ಬೆಳಕು ಮಾಡ್ಕೊಂಡುಬಿಡುತ್ತೆ. ನಾನು ಕಂಡ ಕತ್ತಲೆ ಬರೋದೇ ಇಲ್ಲ."

ಆ ಮಾತು ಚಿಕ್ಕಿಯ ತಲೆಯಲ್ಲಿ ಕೂತಿತ್ತು. ಈ ತಿಂಗಳ ಮೂರನೆಯ ವಾರಕ್ಕೆ ಮದುವೆಯಾಗಿ ಇಪ್ಪತ್ತು ವರ್ಷ. ಕತ್ತಲೆಯನ್ನು ಕತ್ತಲೆಯಾಗಿಯೇ ಬಿಡುವ ಕ್ಯಾಮೆರಾ ಒಂದನ್ನು, ರೀಲು ಹಾಕುವಂಥದ್ದನ್ನು, ಅವನಿಗೆ ಕೊಟ್ಟರೆ ಊಟದ ಹೊತ್ತಿನ ಕತೆಗಳು ವಾಪಸು ಬಂದಾವು ಎಂದುಕೊಂಡಳು. ಆದರೆ ಕ್ಯಾಮೆರಾದ ವಿಷಯದಲ್ಲಿ ಅವಳ ವಿಜ್ಞಾನವೆಲ್ಲ ಪುಸ್ತಕದ್ದು. ಗೊತ್ತಿದ್ದವರು ಮನೆಯಲ್ಲಿ ಒಬ್ಬರೇ. ತಾತ ನಲವತ್ತು ವರ್ಷ ಫೋಟೋ ಸ್ಟುಡಿಯೋದಲ್ಲಿ ನೆಗೆಟಿವ್ ತಿದ್ದಿದವರು, ಸೂಜಿಯಂಥ ಪೆನ್ಸಿಲು ಹಿಡಿದು. "ಊರಿನ ಅರ್ಧ ಮದುಮಕ್ಕಳ ಮೊಡವೆ ಅಳಿಸಿದ್ದು ಈ ಕೈ," ಎನ್ನುತ್ತಿದ್ದರು.

"ಅವರಿಗೆ ಉಡುಗೊರೆ ಆರಿಸೋಕೆ ನಾನು ಬರ್ಬೇಕಾ?" ಎಂದರು ತಾತ. "ನನಗೇನು ತಲೆ ಕೆಟ್ಟಿದೆಯಾ?"

"ಸರಿ ಬಿಡಿ. ನಾನೇ ಹೋಗಿ ಯಾವುದೋ ಒಂದು ತರ್ತೀನಿ."

"ಯಾವುದೋ ಒಂದು," ಎಂದು ತಾತ ಪತ್ರಿಕೆಯ ಹಿಂದೆ ಗೊಣಗಿದರು. "ಹಲ್ಲುಪುಡಿ ತರೋ ಹಾಗೆ."

ಶನಿವಾರ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುವಾಗ ತಾತ ಕ್ಷೌರ ಮಾಡಿಕೊಂಡು, ಜೇಬಿನಲ್ಲಿ ಭೂತಗನ್ನಡಿ ಇಟ್ಟುಕೊಂಡು ಹೊಸ್ತಿಲಲ್ಲಿ ನಿಂತಿದ್ದರು.

ಹಳೆಯ ಕ್ಯಾಮೆರಾ ರಿಪೇರಿ ಮಾಡಿ ಮಾರುವ ಅಂಗಡಿ ಒಂದು ಔಷಧಿ ಅಂಗಡಿಯ ಮಹಡಿಯ ಮೇಲಿತ್ತು. ಅಂಗಡಿಯಾಕೆ ಅರವತ್ತು ದಾಟಿದ ಹೆಂಗಸು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಗಾಜನ್ನು ಹಣೆಯ ಮೇಲೇರಿಸಿಕೊಂಡಿದ್ದಳು. ಕಲಿಯುವವರಿಗೆ ಎಂದ ಕೂಡಲೇ ಹಸಿರು ಬಟ್ಟೆ ಹಾಸಿ ಮೂರು ಕ್ಯಾಮೆರಾ ಇಟ್ಟಳು. ಮೊದಲನೆಯದು ಎಲ್ಲವನ್ನೂ ತಾನೇ ಮಾಡಿಕೊಳ್ಳುವ ಪ್ಲಾಸ್ಟಿಕ್ಕಿನದು. ಎರಡನೆಯದು ಹಗುರ, ಬ್ಯಾಟರಿ ಇದ್ದರೆ ಮಾತ್ರ ನಡೆಯುವುದು. ಮೂರನೆಯದು ಪೂರಾ ಯಂತ್ರದ್ದು, ಇಟ್ಟಿಗೆಯಂತೆ ಭಾರ. ಬೆಳಕು ಸಾಕೋ ಸಾಲದೋ ಎಂದು ತೋರಿಸಲು ಒಳಗೊಂದು ಮುಳ್ಳು.

"ಮೊದಲನೇದು ಬೇಡ," ಎಂದರು ತಾತ. "ಅದೂ ಫೋನಿನ ತಮ್ಮನೇ." ಎರಡನೆಯದನ್ನು ಗಾಜಿಗೆ ಬೆರಳು ತಾಗದಂತೆ ಎತ್ತಿಕೊಂಡು, ಕಿವಿಯ ಹತ್ತಿರ ಹಿಡಿದು ಒತ್ತಿದರು. "ಆಹಾ. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ. ಇದೇ ಇರಲಿ."

ಚಿಕ್ಕಿ ಫೋನಿನಲ್ಲಿ ಧ್ವನಿ ಮುದ್ರಿಸುತ್ತಿದ್ದಳು. ಪ್ರತಿ ವೇಗದಲ್ಲೂ ಮೂರು ಸಲ ಒತ್ತಿಸಿ, ಶಟರ್ ತೆರೆಯುವ ಶಬ್ದಕ್ಕೂ ಮುಚ್ಚುವ ಶಬ್ದಕ್ಕೂ ನಡುವಿನ ಅಂತರವನ್ನು ಅಲೆಯ ಚಿತ್ರದಲ್ಲಿ ಅಳೆದು ಚೀಟಿಯಲ್ಲಿ ಬರೆದುಕೊಂಡಳು. ಬಾವಿಯಂಥ ಕತ್ತಲಲ್ಲಿ ಫೋಟೋ ತೆಗೆಯುವವನಿಗೆ ನಿಧಾನದ ವೇಗಗಳೇ ಮುಖ್ಯ. ಅವನ್ನಾದರೆ ಧ್ವನಿಯಲ್ಲಿ ಅಳೆಯಬಹುದು.

"ಅಪ್ಪ, ಇದು ಅರ್ಧ ಸೆಕೆಂಡು ಅಂತ ಹೇಳಿ ಮುಕ್ಕಾಲು ಸೆಕೆಂಡು ತೆರೆದಿರುತ್ತೆ. ಭಾರದ್ದು ಹೇಳಿದಷ್ಟೇ ತೆರೆಯುತ್ತೆ."

"ಭಾರದ್ದು ಒರಟು. ಬಾಗಿಲು ಬಡಿದ ಹಾಗೆ ಟಕ್ ಅನ್ನುತ್ತೆ."

"ಟೈಮರ್ ಹಾಕಿ ಕೇಳಿ ಯಜಮಾನರೇ," ಎಂದಳು ಅಂಗಡಿಯಾಕೆ. ಮುಂಭಾಗದ ಪುಟ್ಟ ಹಿಡಿಯನ್ನು ಕೆಳಗಿಳಿಸಿ ಬಿಟ್ಟಳು. ಹತ್ತು ಸೆಕೆಂಡು ಕ್ಯಾಮೆರಾ ಝುಂಯ್ ಎಂದು ಒಂದೇ ಎಳೆಯಲ್ಲಿ ಹಾಡಿತು, ಎಲ್ಲೂ ತೊದಲದೆ. ಕೊನೆಗೆ ಟಕ್.

ತಾತ ಕಣ್ಣು ಮುಚ್ಚಿ ಕೇಳಿದರು. "ಇನ್ನೊಂದ್ಸಲ," ಎಂದರು. ಆಮೇಲೆ ಭೂತಗನ್ನಡಿ ತೆಗೆದು ಗಾಜಿನ ಒಳಗೆ ಬೂಷ್ಟು ಹಿಡಿದಿದೆಯೇ ಎಂದು ಕಾಲು ಗಂಟೆ ನೋಡಿದರು; ಹಿಂಬದಿಯ ಮುಚ್ಚಳದ ಅಂಚಿನ ಪಟ್ಟಿಯನ್ನು ಉಗುರಿನಿಂದ ಒತ್ತಿದರು. ತನ್ನೆದುರು ಗೋಡೆಯಂತೆ ಕೂತವನಿಗಾಗಿ ಇಷ್ಟೊಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಳ್ಳುವ ಅಪ್ಪನನ್ನು ಕಂಡು ಚಿಕ್ಕಿ ಅಳತೆಯ ಚೀಟಿಯನ್ನು ಮಡಚಿ ಒಳಗಿಟ್ಟಳು.

"ಕಿವಿ ಇರೋ ಮನುಷ್ಯ ಅಲ್ವಾ," ಎಂದರು ತಾತ ಭಾರದ್ದನ್ನೇ ಕಟ್ಟಿಸಿಕೊಂಡು ಮೆಟ್ಟಿಲಿಳಿಯುತ್ತ, ಯಾರೋ ಕೇಳಿದರು ಎನ್ನುವಂತೆ. "ಲಿಫ್ಟಿನ ಹೊಟ್ಟೆನೋವು ಹೊರಗೆ ನಿಂತು ಹೇಳ್ತಾರೆ. ಅಂಥವರ ಕೈಗೆ ತೊದಲೋ ಯಂತ್ರ ಕೊಡಬಾರ್ದು. ಅದಕ್ಕೇ ನೋಡಿದ್ದು. ಬೇರೇನಲ್ಲ."

ಇಪ್ಪತ್ತು ವರ್ಷ ತುಂಬಿದ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆಯೇ ಪೆಟ್ಟಿಗೆ ಕೊಟ್ಟಾಯಿತು. ಅವನು ಕ್ಯಾಮೆರಾವನ್ನು ಎರಡು ಕೈಯಲ್ಲಿ ಹಿಡಿದು, ಅಡಿ ಮೇಲು ಮಾಡಿ, ಬಿಚ್ಚುವುದಾದರೆ ಎಲ್ಲಿಂದ ಬಿಚ್ಚಬಹುದು ಎಂದು ತಿರುಪುಮೊಳೆಗಳನ್ನು ನೋಡಿದ.

"ಬಿಚ್ಚಬೇಡಿ ಅಪ್ಪ, ಫೋಟೋ ತೆಗೆಯೋಕೆ ಕೊಟ್ಟಿರೋದು," ಎಂದಳು ಮಗಳು.

"ಆರಿಸಿದ್ದು ನಮ್ಮಪ್ಪ," ಎಂದಳು ಚಿಕ್ಕಿ.

ಅವನು ಮಾವನ ಕಡೆ ತಿರುಗಿದ. "ನೀವಾ ಮಾವ?" ಎಂದ. ಕ್ಯಾಮೆರಾದ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡ.

ತಾತ ರೀಲು ಹಾಕಿಕೊಟ್ಟರು. ಮೊದಲ ಫೋಟೋ ನಾಲ್ವರದೂ ಆಗಲಿ ಎಂದು ಮಗಳು ಇಸ್ತ್ರಿ ಮಾಡುವ ಮೇಜಿನ ಮೇಲೆ ತನ್ನ ದಪ್ಪ ಪುಸ್ತಕಗಳನ್ನೆಲ್ಲ ಪೇರಿಸಿ ಕ್ಯಾಮೆರಾ ಕೂರಿಸಿದಳು. ಕಿಟಕಿಯ ಬೆಳಕು ಬೀಳುವ ಕಡೆ ಮೂವರು ಸಾಲಾಗಿ ನಿಂತರು. ಅವನು ಹಿಡಿ ಕೆಳಗಿಳಿಸಿ, ಗುಂಡಿ ಒತ್ತಿ, ಓಡಿ ಬಂದು ಸೇರಿಕೊಂಡ.

ಝುಂಯ್ ಎಂದು ಟೈಮರ್ ಹಾಡತೊಡಗಿತು. ಎಲ್ಲರೂ ಹಲ್ಲು ಕಿರಿದರು.

"ಶುರುವಾಗ್ಲಿಲ್ಲ ಅನ್ಸುತ್ತೆ," ಎಂದ ಅವನು.

"ಓಡ್ತಿದೆಯಲ್ಲ ಅಪ್ಪ," ಎಂದಳು ಬಲಗಡೆ ನಿಂತ ಮಗಳು.

ಅವನು ಆಗಲೇ ಸಾಲು ಬಿಟ್ಟು ಹೊರಟಿದ್ದ. ಕ್ಯಾಮೆರಾದ ಮುಂದೆ ಬಗ್ಗಿ, "ಸದ್ದೇ ಇಲ್ಲ. ಸುಮ್ನೆ ನಿಂತ್ಬಿಟ್ಟಿದೆ," ಎಂದ. ಕ್ಯಾಮೆರಾ ಅವನ ಮೂಗಿನ ಮುಂದೆ ಕೋಣೆ ತುಂಬ ಹಾಡುತ್ತಿತ್ತು. ಟಕ್. ಅದೊಂದು ಅವನಿಗೆ ಕೇಳಿಸಿತು. ಬೆಚ್ಚಿ ನಗುತ್ತ ತಿರುಗಿದ. ಉಳಿದವರು ಯಾರೂ ನಗಲಿಲ್ಲ.

ತಾತ ನಿಧಾನವಾಗಿ ನಡೆದು ಬಂದರು. ಹಿಡಿಯನ್ನು ಮತ್ತೆ ಕೆಳಗಿಳಿಸಿ, ಓಡುವ ಟೈಮರನ್ನು ಅಳಿಯನ ಬಲಗಿವಿಗೆ ಒತ್ತಿ ಹಿಡಿದರು.

"ಏನು ಮಾವ?"

ತಾತ ಮಾತಾಡದೆ ಅದನ್ನು ಎಡಗಿವಿಗೆ ತಂದರು. ಅವನ ಮುಖ ಬದಲಾಯಿತು.

"ಹಾಂ. ಸಣ್ಣಗೆ... ದೂರದಲ್ಲಿ ಜೇನ್ನೊಣ ಹಾರಿದ ಹಾಗೆ."

"ಎಷ್ಟು ದಿನ ಆಯ್ತು ಅಳಿಯಂದಿರೇ?"

ಅವನು ಹೆಂಡತಿಯ ಮುಖ ನೋಡಿದ. "ಎಂಟು ತಿಂಗಳು."

ಆ ಬೆಳಿಗ್ಗೆ ಇಬ್ಬರೂ ಕೆಲಸಕ್ಕೆ ಹೋಗಲಿಲ್ಲ. ಮಗಳನ್ನು ಕಾಲೇಜಿಗೆ ಅಟ್ಟಿ ಚಿಕ್ಕಿ ಅಡುಗೆಮನೆಯಲ್ಲಿ ಜಗಳಕ್ಕೆ ನಿಂತಳು.

"ದಿನಕ್ಕೆ ಅರವತ್ತು ಬಾಟಲಿ ನೀರು ನೋಡ್ತೀನಿ. ಲಕ್ಷದಲ್ಲೊಂದು ಪಾಲು ಏನಿದ್ರೂ ಹಿಡೀತೀನಿ. ಪಕ್ಕದಲ್ಲಿ ಮಲಗೋರ ಕಿವಿ ಹೋಗಿದ್ದು ಗೊತ್ತಾಗ್ಲಿಲ್ಲ. ಗೊತ್ತಾಗದ ಹಾಗೆ ನೋಡ್ಕೊಂಡ್ರಿ ನೀವು."

"ನಿನ್ನ ಮಾತು ತುಟಿ ನೋಡಿದ್ರೆ ತಿಳೀತಿತ್ತು. ಮಾವ ಪಕ್ಕದಲ್ಲಿ ಕೂರ್ತಾರೆ, ಬಲಗಡೆ. ಅವರು ಮಾತಾಡಿದ್ದೇ ತಿಳೀತಿರ್ಲಿಲ್ಲ."

"ಹೇಳೋಕೇನಾಗಿತ್ತು?"

"ಹೇಳಿದ್ರೆ ಕಿವಿ ಹೋದ ಡಾಕ್ಟರನ್ನ ಇಟ್ಕೊಂಡು ಏನ್ಮಾಡ್ತಾರೆ? ಗೇಟಿನ ಹತ್ರ ರಿಜಿಸ್ಟರ್ ಕೊಟ್ಟು ಕೂರಿಸ್ತಾರೆ." ಅವನು ಲೋಟವನ್ನು ತಿರುಗಿಸುತ್ತ ಕೂತ. "ಹೋದ ತಿಂಗಳು ಒಂದು ಗಾಲಿ ಕಿರುಗುಟ್ತಿದ್ದದ್ದು ನನಗೆ ಕೇಳಲೇ ಇಲ್ಲ. ಜೊತೆಯವನು ಕೇಳಿಸ್ಕೊಂಡು ಬದಲಾಯಿಸಿದ. ಯಾರಿಗೂ ಹೇಳಲಿಲ್ಲ ಅವನು."

"ನಿಮ್ಮ ಕಿವಿ ನಂಬಿ ಜನ ಒಳಗೆ ನಿಂತಿರ್ತಾರೆ ರೀ."

"ಗೊತ್ತು."

"ಗೊತ್ತಿದ್ದೂ."

"ಗೊತ್ತು ಅಂದ್ನಲ್ಲ ಚಿಕ್ಕಿ."

ಬಾಗಿಲಲ್ಲಿ ತಾತ ನಿಂತಿದ್ದರು. ಅವರು ಬಂದು, ಅಳಿಯ ಕೂತ ಕುರ್ಚಿಯ ಬಲಗಡೆಯಿಂದ ತಮ್ಮ ಕುರ್ಚಿಯನ್ನು ಎತ್ತಿ ಎಡಗಡೆ ಇಟ್ಟುಕೊಂಡು ಕೂತರು. "ಒಂಬತ್ತು ವರ್ಷದ ಹಿಂದೆ," ಎಂದರು ಮಗಳ ಕಡೆ ನೋಡುತ್ತ, "ನನ್ನ ತಿದ್ದೋ ಮೇಜು ಬಿಟ್ಟು ನಾನು ಬರಲ್ಲ ಅಂತ ಹಟ ಮಾಡಿದೆ. ನನ್ನ ಹಳೇ ಮನೆ ನಾಲ್ಕನೇ ಮಹಡಿ. ಲಿಫ್ಟು ಕೆಟ್ಟಿತ್ತು. ಲಿಫ್ಟು ರಿಪೇರಿ ಮಾಡೋ ಮನುಷ್ಯ ಮೇಜನ್ನ ಬೆನ್ನ ಮೇಲೆ ಹೊತ್ತು ಇಳಿಸಿದ್ರು. ಅಂಥವರನ್ನ ಗೋಡೆ ಅಂದ್ನಲ್ಲ ನಾನು."

"ಗೋಡೆ ಅಂದ್ರಾ?" ಎಂದ ಅಳಿಯ. "ಅದೂ ಕೇಳಿರ್ಲಿಲ್ಲ ಮಾವ."

ಮೂವರೂ ನಕ್ಕರು. ನಗುತ್ತಲೇ ಚಿಕ್ಕಿ ಸೆರಗಿನಿಂದ ಕಣ್ಣೊತ್ತಿಕೊಂಡಳು.

ನಗು ಮುಗಿದ ಮೇಲೂ ಅವಳಿಗೊಂದು ಕೊರೆತ ಉಳಿಯಿತು. ಕೇಳಿಸದವನಿಗೆ ಶಬ್ದ ನೋಡಿ ಕ್ಯಾಮೆರಾ ಆರಿಸಿದ್ದರಲ್ಲ. "ಬದಲಾಯಿಸಿ ತರೋಣ," ಎಂದಳು.

"ಯಾಕೆ?" ಅವನು ಕ್ಯಾಮೆರಾವನ್ನು ಮುಖಕ್ಕಿಟ್ಟುಕೊಂಡು, ಕಣ್ಣು ಚಿಕ್ಕದು ಮಾಡಿ, ಅವಳತ್ತ ಒತ್ತಿದ. "ಒತ್ತಿದಾಗ ಕೆನ್ನೆಗೆ ಬಡಿಯುತ್ತೆ ಇದು. ಅಂಗೈಗೂ ತಟ್ಟುತ್ತೆ. ನನಗೆ ಇದೇ ಸರಿ."

ಆ ವಾರ ಕಿವಿ ವೈದ್ಯರಲ್ಲಿಗೆ ಹೋದರು. ಪರೀಕ್ಷೆಯ ಹಾಳೆಯನ್ನು ಚಿಕ್ಕಿ ತಾನೇ ಓದಿದಳು: ದಪ್ಪ ದನಿಗಳಲ್ಲಿ ಗೆರೆ ನೆಟ್ಟಗೆ ನಡೆದು, ಸಣ್ಣ ದನಿಗಳು ಶುರುವಾಗುವಲ್ಲಿ ಮೆಟ್ಟಿಲು ತಪ್ಪಿದವನಂತೆ ಕೆಳಗೆ ಬಿದ್ದಿತ್ತು. ಬಲಗಿವಿಯದು ಹೆಚ್ಚು, ಎಡದ್ದು ಕಡಿಮೆ. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು, ಯಂತ್ರ ಹಾಕಿಕೊಂಡರೆ ಮಾತು ತಿಳಿಯುತ್ತದೆ ಎಂದರು ವೈದ್ಯರು. ಇರುವುದನ್ನು ಉಳಿಸಿಕೊಳ್ಳಬಹುದು ಎಂಬ ಮಾತಿಗೆ ಅವಳು ಎರಡು ಸಲ ಧನ್ಯವಾದ ಹೇಳಿದಳು. ವೈದ್ಯರು ಒಂದು ಸಲಕ್ಕೇ ಮುಂದಿನ ಹೆಸರು ಕರೆದಾಗಿತ್ತು.

ಮರುದಿನ ಅವನು ಮೇಲಧಿಕಾರಿಯ ಎದುರು ನಿಂತು ಎಲ್ಲವನ್ನೂ ಹೇಳಿದ, ಕಿರುಗುಟ್ಟಿದ ಗಾಲಿಯನ್ನೂ ಸೇರಿಸಿ. ಸಂಜೆ ಊಟಕ್ಕೆ ಕೂತಾಗ ಮೂವರೂ ಅವನ ಬಾಯಿ ನೋಡುತ್ತಿದ್ದರು.

"ಬೈದ್ರಾ?" ಎಂದಳು ಮಗಳು, ದೊಡ್ಡದಾಗಿ.

"ಬೈದ್ರು. ಕಾಲು ಗಂಟೆ. ಅಷ್ಟು ಜೋರಾಗಿ ಬೈದ್ರೆ ನನಗೂ ಕೇಳುತ್ತೆ." ಅವನು ಅನ್ನ ಬಡಿಸಿಕೊಂಡ. "ಇನ್ನು ಒಬ್ಬನೇ ಬಾವಿಗೆ ಇಳಿಯೋ ಹಾಗಿಲ್ಲ. ವರ್ಕ್‌ಶಾಪಲ್ಲಿ ಕಂಟ್ರೋಲ್ ಪೆಟ್ಟಿಗೆ ರಿಪೇರಿ. ಅದಕ್ಕೆ ಕಣ್ಣು ಸಾಕು."

"ಬೇಜಾರಾ?" ಎಂದಳು ಚಿಕ್ಕಿ.

"ಬೇಜಾರೇ. ಆದ್ರೆ ಇವತ್ತು ಎಂಟು ತಿಂಗಳ ಮೇಲೆ ಮೊದಲ ಸಲ ಬಸ್ಸಲ್ಲಿ ನಿದ್ದೆ ಮಾಡ್ದೆ." ಮಗಳತ್ತ ತಿರುಗಿ, "ಮೂರು ಸ್ಟಾಪು ಮುಂದೆ ಹೋಗಿ ಇಳಿದು ವಾಪಸು ನಡ್ಕೊಂಡು ಬಂದೆ. ಆ ದಾರೀಲಿ ಏನು ಕಂಡೆ ಗೊತ್ತಾ?" ಎಂದು ಶುರುಮಾಡಿದ. ತಾತ ಮೊಸರಿನ ಬಟ್ಟಲನ್ನು ಅವನ ಕೈಗೆ ಸಿಗದಷ್ಟು ದೂರ ಸರಿಸಿದರು. ಕತೆ ಮುಗಿಯುವವರೆಗೂ ಊಟ ಮುಗಿಯಬಾರದು ಎಂಬಂತೆ.

ಹಳೆಯ ಕೆಲಸ ಒಪ್ಪಿಸಿಕೊಡುವ ಕೊನೆಯ ದಿನ ಜೊತೆಯವನೊಂದಿಗೆ ಬಾವಿಗಿಳಿದು ಅವನು ರೀಲು ಮುಗಿಸಿದ. ತೊಳೆಸಿ ತಂದ ಫೋಟೋಗಳಲ್ಲಿ ಅರ್ಧಕ್ಕರ್ಧ ಹಾಳು. ಒಂದರಲ್ಲಿ ಮಾತ್ರ ಹಾಳೆ ತುಂಬ ಕಪ್ಪು, ಮೇಲೆ ಉಗುರಿನಷ್ಟು ಬಿಳುಪು. ಅವನು ಅದನ್ನು ಎಷ್ಟೋ ಹೊತ್ತು ನೋಡಿ, "ಇದೇ," ಎಂದ. ತಾತನ ಕಣ್ಣು ಮೊದಲ ಫೋಟೋದ ಮೇಲಿತ್ತು: ಮುಂದೆ ಮಸುಕಾಗಿ ದೊಡ್ಡದೊಂದು ಅಂಗಿ, ಅರ್ಧ ಮುಖ, ಹಿಂದೆ ಸ್ಪಷ್ಟವಾಗಿ ಮೂರು ಮುಖ, ಮೂರರದೂ ಬಾಯಿ ತೆರೆದಿದೆ.

"ತಿದ್ತೀರಾ ತಾತ?" ಎಂದಳು ಮೊಮ್ಮಗಳು.

"ಇದರಲ್ಲಿ ತಿದ್ದೋಕೇನಿಲ್ಲ ಪುಟ್ಟಿ."

ಇಷ್ಟಾದರೂ ತಿಂಗಳ ಕೊನೆಯ ಭಾನುವಾರದ ಮಾತನ್ನು ಯಾರೂ ಎತ್ತಿರಲಿಲ್ಲ. ಅಕ್ಕನಿಗೆ ಬೇಡವೆನ್ನಬೇಕಾದವರು ತಾತ, ಅವರು ಹೇಳಲಿಲ್ಲ. ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವರಿಗೆ ನಾಚಿಕೆಯೋ, ನಿಜವಾಗಿಯೂ ಹೋಗುವ ಮನಸ್ಸೋ, ಚಿಕ್ಕಿಗೆ ತಿಳಿಯಲಿಲ್ಲ. ಕೇಳಲು ಧೈರ್ಯವೂ ಸಾಲಲಿಲ್ಲ. ಭಾನುವಾರ ಹನ್ನೊಂದು ಗಂಟೆಗೆ ಅಕ್ಕ ಗಾಡಿಯಿಂದ ಇಳಿದಳು. ತಾತ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು. ಬಟ್ಟೆಬರೆ ಕಟ್ಟಿಟ್ಟಾಗಿತ್ತು.

"ಹೊರಡೋಣವಾ ಅಪ್ಪ?" ಎಂದಳು ಅಕ್ಕ.

ಅಳಿಯ ಒಳಗಿನಿಂದ ಬಂದ. ಕಿವಿಯ ಯಂತ್ರ ಬರಲು ಇನ್ನೂ ಹತ್ತು ದಿನವಿತ್ತು. ಮಾವನ ಮುಂದೆ, ಅವರ ತುಟಿ ಕಾಣುವಂತೆ, ಮೊಣಕಾಲೂರಿ ಕೂತ.

"ಮಾವ, ಹತ್ತಿರ ಕೂತು ಹೇಳಿದ್ರೆ ನಿಮ್ಮ ಮಾತು ನನಗೆ ಕೇಳುತ್ತೆ. ಅಕ್ಕನ ಮನೆಯಿಂದ ಹೇಳಿದ್ರೆ ಕೇಳಲ್ಲ."

ತಾತ ಕನ್ನಡಕ ತೆಗೆದು ಒರೆಸಿದರು. ಒರೆಸುವಂಥದ್ದೇನೂ ಅದರಲ್ಲಿ ಇರಲಿಲ್ಲ. "ಒಂದೊಂದು ಮಾತನ್ನೂ ಕೂಗಿ ಹೇಳ್ಬೇಕಾಗುತ್ತೆ ನಿಮಗೆ," ಎಂದರು.

"ಕೂಗಿ."

"ನನಗೆ ಎಪ್ಪತ್ತಾರು. ಉಸಿರು ಸಾಲಲ್ಲ."

"ಕಡಿಮೆ ಮಾತಾಡಿ."

"ಅದು ಆಗದ ಮಾತು," ಎಂದರು ತಾತ. ಅಕ್ಕನ ಕಡೆ ತಿರುಗಿ, "ಊಟ ಮಾಡ್ಕೊಂಡು ಹೋಗಮ್ಮ. ನಿನಗೆ ಸುಮ್ನೆ ಪೆಟ್ರೋಲು ದಂಡ," ಎಂದರು.

"ಅಪ್ಪ, ನೀವು ಮೊದಲೇ ಹೇಳಿದ್ರೆ," ಎಂದು ಶುರುಮಾಡಿದ ಅಕ್ಕ, ತಂಗಿಯ ಮುಖ ನೋಡಿ ಚೀಲ ಕೆಳಗಿಟ್ಟಳು. "ಏನು ಅಡುಗೆ?" ಎಂದಳು.

ಚಿಕ್ಕಿ ಒಲೆಯ ಮೇಲಿದ್ದ ಅನ್ನಕ್ಕೆ ಇನ್ನೊಂದು ಲೋಟ ಅಕ್ಕಿ ಸೇರಿಸಲಾಗದೆ, ಮೊಟ್ಟೆ ಬೇಯಲಿಟ್ಟಳು. ಯಾರಿಗೆ ಋಣಿಯಾಗಬೇಕೆಂದು ತಿಳಿಯದೆ ಒಟ್ಟಾರೆ ಎಲ್ಲರಿಗೂ ಋಣಿಯಾಗಿದ್ದಳು. ಹೊರಗೆ ತಾತ ಆಗಲೇ ಶುರುಮಾಡಿದ್ದರು. ಬೆಳಕಿನ ಮುಳ್ಳನ್ನು ನಂಬಿ ಕೆಟ್ಟಿರಿ ಎಂದು ಅವರು ಕೂಗುತ್ತಿದ್ದರು. ಮುಳ್ಳನ್ನು ನಂಬದೆ ನಿಮ್ಮನ್ನು ನಂಬಲೇ ಎಂದು ಅಳಿಯ ಅದಕ್ಕಿಂತ ಜೋರಾಗಿ ಕೂಗುತ್ತಿದ್ದ. ನಡುವೆ ಮಗಳ ನಗು, ಅಕ್ಕನ ಪಂಚಾಯಿತಿಕೆ.

ಬಾಗಿಲು ಬಡಿದ ಸದ್ದಾಯಿತು. ಎದುರು ಮನೆಯಾಕೆ ಗಾಬರಿಯಿಂದ ನಿಂತಿದ್ದಳು. "ಏನಾಯ್ತು? ಇಷ್ಟು ವರ್ಷದಲ್ಲಿ ನಿಮ್ಮ ಮನೇಲಿ ಹೀಗೆ ಜಗಳ ಕೇಳಿರ್ಲಿಲ್ಲ ನಾನು."

"ಜಗಳ ಅಲ್ಲ," ಎಂದಳು ಚಿಕ್ಕಿ. "ಮಾತಾಡ್ತಿದಾರೆ."